ಹೇಳಿದ ಹಾಗೆ ಮಾಡಿದ ತಾಯಿ

ಮರಾಠಿ ಸೀಮೆಯ ಭೋಸರಿಯಲ್ಲಿ ನಾನು ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುತ್ತೇನೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಒಬ್ಬ ತಾಯಿ, ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ಅವಳ ಕಿವಿಯ ಮೆಷಿನ್ ಒರೆಸುತ್ತ, ಅವಳೊಂದಿಗೆ ಕನ್ನಡದಲ್ಲಿ ಒಂದೇ ಸಮನೆ ಮಾತಾಡುತ್ತಿದ್ದಳು. ನಾನು ಏನು ಹೇಳಿದರೂ ಅವಳದು ಒಂದೇ ಉತ್ತರ: "ಹೌದ್ರಿ ಮೇಡಂ, ನೀವು ಹೇಳಿದಂಗ ಮಾಡ್ತೀನ್ರಿ."

ಮಗು ಸೇರಬೇಕಾದ ಶಾಲೆ ಮರಾಠಿಯದು. ಎರಡು ಭಾಷೆಯಾದರೆ ಗೊಂದಲವಾಗುತ್ತದೆ, ಮನೆಯಲ್ಲಿ ಕನ್ನಡ ಬೇಡ, ಮರಾಠಿಯಲ್ಲೇ ಮಾತಾಡಿ ಎಂದೆ. ಹಾಗೆ ಹೇಳುವುದು ನಮ್ಮಲ್ಲಿ ರೂಢಿ. ಅದನ್ನು ಅವಳಿಗೆ ಹೇಳಿದ್ದು ಕನ್ನಡದಲ್ಲೇ.

ಎಂಟು ತಿಂಗಳಾದರೂ ಮಗುವಿನ ಬಾಯಿಂದ ಒಂದು ಪದ ಬರಲಿಲ್ಲ. ಮನೆಯಲ್ಲಿ ಏನು ನಡೆಯುತ್ತಿದೆ ನೋಡೋಣವೆಂದು ಅವರ ತಗಡಿನ ಶೆಡ್ಡಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಮಗು ಎದುರಿಗೆ ಕುಳಿತು ಅಮ್ಮನ ತುಟಿಗಳನ್ನೇ ನೋಡುತ್ತಿತ್ತು. ಅವು ಅಲುಗಲಿಲ್ಲ.

"ಮಗಳ ಜೊತೆ ಮಾತಾಡಲ್ವಾ?" ಎಂದೆ.

"ಮರಾಠಿ ನನಗ ಬರಂಗಿಲ್ರಿ. ಕನ್ನಡ ಬ್ಯಾಡ ಅಂದಿದ್ರಲ್ರಿ."

ಹಿಟ್ಟಿನ ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಇನ್ನೂ ಎಷ್ಟ ದಿನ ಸುಮ್ನ ಇರಬೇಕ್ರಿ ಮೇಡಂ?"