ಶಾರದಮ್ಮ ಮೇಡಂ ಕೇಳಿಸಿಕೊಂಡದ್ದು

ಇಪ್ಪತ್ತಾರು ಮಕ್ಕಳು ಒಟ್ಟಿಗೆ ನುಡಿಸುತ್ತಿದ್ದರೂ ಯಾರ ತಂತಿ ಕೂದಲೆಳೆಯಷ್ಟು ಇಳಿದಿದೆ ಎಂಬುದು ಶಾರದಮ್ಮ ಮೇಡಂಗೆ ಬೆನ್ನು ತಿರುಗಿಸಿ ನಿಂತಾಗಲೂ ತಿಳಿಯುತ್ತಿತ್ತು. ಹೆಸರು ಹಿಡಿದು ಬಯ್ಯುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಮಗುವಿನ ಪಕ್ಕ ಹೋಗಿ ನಿಂತು, ತಂತಿ ಸರಿಯಾಗುವವರೆಗೆ ಮೆಲ್ಲಗೆ ಷಡ್ಜ ಹಾಡುತ್ತಿದ್ದರು. "ನಿಮ್ಮದು ನಿಮಗೆ ಗೊತ್ತೈತೆ. ಪಕ್ಕದವರದು ಕೇಳ್ರಿ" ಎನ್ನುವುದು ಅವರ ದಿನದ ಮಾತು.

ಪ್ರೌಢಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಮೇಲೆ ಅವರು ಮಕ್ಕಳ ವಾದ್ಯವೃಂದವೊಂದನ್ನು ಕಟ್ಟಿದರು. ಚನ್ನಗಿರಿ, ನ್ಯಾಮತಿ, ದೂರದ ಜಗಳೂರಿನಿಂದಲೂ ಪಿಟೀಲು, ಕೊಳಲು, ಮೃದಂಗ ಕಲಿಯುವವರು ಭಾನುವಾರ ಹೊನ್ನಾಳಿಯ ಶಾಲೆಯೊಂದರಲ್ಲಿ ಸೇರುತ್ತಿದ್ದೆವು. ನಾನು ಸವಳಂಗದಿಂದ ಬರುತ್ತಿದ್ದೆ. ಆಗ ನನಗೆ ಹದಿಮೂರು.

ಮೊದಲ ವಾರವೇ ನನ್ನ ಪಿಟೀಲು ಅಪಸ್ವರ ನುಡಿದು, ಮುಂದಿದ್ದ ಇಬ್ಬರು ತಿರುಗಿ ನಕ್ಕರು. ಮರುವಾರದಿಂದ ಹಿಂದಿನ ಸಾಲಿಗೆ ಹೋಗಿ ಕೂತೆ. ಕಮಾನನ್ನು ತಂತಿಗೆ ತಾಗಿಸದೆ ಮೇಲೆಯೇ ಆಡಿಸುತ್ತಿದ್ದೆ. ಕೈ ಎಲ್ಲರ ಜೊತೆ ಹೋಗಿ ಬರುತ್ತಿತ್ತು, ನಾದ ಮಾತ್ರ ಇಲ್ಲ. ಮನೆಯಲ್ಲಿ ಕೇಳಿದರೆ ಚೆನ್ನಾಗಿ ನಡೀತಿದೆ ಎನ್ನುತ್ತಿದ್ದೆ. ಹೀಗೆ ಮೂರು ತಿಂಗಳು.

ಚನ್ನಗಿರಿಯಲ್ಲಿ ನಮ್ಮ ವೃಂದದ ಕಛೇರಿ ಎಂದು ಗೊತ್ತಾದ ವಾರ, ಅಭ್ಯಾಸ ಮುಗಿದ ಮೇಲೆ ಮೇಡಂ ನನ್ನೊಬ್ಬಳನ್ನೇ ಉಳಿಸಿಕೊಂಡರು.

"ಮೂರು ತಿಂಗಳಾತು, ನಿನ್ನ ಪಿಟೀಲು ಒಂದಿನಾನೂ ಕೇಳಿಲ್ಲವ್ವ" ಎಂದರು. "ನೀನಾಗೇ ನುಡಿಸ್ತೀಯೇನೋ ಅಂತ ಕಾದೆ."

ನಾನು ಅತ್ತುಬಿಟ್ಟೆ. ನಕ್ಕವರ ವಿಷಯ ಹೇಳಿದೆ. ಅವರು ಬಂದು ನನ್ನ ಪಕ್ಕ ಕೂತರು.

"ತಪ್ಪು ನುಡಿಸಿದ್ರೆ ತಿದ್ದಾಕೆ ನಾನಿದೀನಿ. ನುಡಿಸ್ದೇ ಇದ್ರೆ ಏನಂತ ತಿದ್ದಲಿ?"

ಅವತ್ತು ಬಸ್ಸಿನಲ್ಲಿ ಸವಳಂಗದವರೆಗೂ ನಿದ್ದೆ ಮಾಡಿದೆ. ಮನಸ್ಸು ಅಷ್ಟು ಹಗುರವಾಗಿತ್ತು. ಕಛೇರಿಯಲ್ಲಿ ಎರಡು ಕಡೆ ತಪ್ಪಿದೆ. ಎರಡು ಸಲವೂ ಮೇಡಂ ನನ್ನ ಕಡೆ ನೋಡಿ ತಲೆಯಾಡಿಸಿದರು. ಅಷ್ಟು ಖುಷಿಯಾಗಿ ಅವರು ತಪ್ಪು ಕೇಳಿದ್ದನ್ನು ನಾನು ಮತ್ತೆ ಕಂಡಿಲ್ಲ.

ದೊಡ್ಡವಳಾದ ಮೇಲೆ ನಾನೂ ಅಲ್ಲೇ ಚಿಕ್ಕ ಮಕ್ಕಳಿಗೆ ಹೇಳಿಕೊಡತೊಡಗಿದೆ. ಹೋದ ವರ್ಷ ಮಂಡಿನೋವು ಹೆಚ್ಚಾಗಿ ಅವರು ಮೈಸೂರಿನ ತಂಗಿಯ ಮನೆಗೆ ಹೊರಟರು. ಇನ್ನು ಮುಂದೆ ಇವಳೇ ನಡೆಸುತ್ತಾಳೆ ಎಂದು ವಾದ್ಯ ಹಿಡಿದು ಕೂತ ಮಕ್ಕಳ ಮುಂದೆ, ಪೋಷಕರೆದುರು ನನ್ನನ್ನು ನಿಲ್ಲಿಸಿದರು. ಮೇಡಂ ಇಲ್ಲದ ಮೇಲೆ ಮಕ್ಕಳನ್ನು ಯಾರು ಕಳಿಸುತ್ತಾರೆ ಎಂದು ವಾರದಿಂದ ನನಗೆ ಊಟ ಸೇರಿರಲಿಲ್ಲ. ಜಗಳೂರಿನಲ್ಲಿ ಕುರಿ ಸಾಕುವ ಒಬ್ಬ ತಂದೆ ಎದ್ದು ನಿಂತರು.

"ನಮ್ಮ ಹುಡುಗಿ ಬರ್ತಾಳ್ರಿ. ನೀವು ಶುರು ಮಾಡ್ರಿ" ಎಂದರು.

ಉಳಿದವರೂ ಹೂಂಗುಟ್ಟಿದರು. ನಾನು ಕೈಯೆತ್ತಿದೆ, ಮಕ್ಕಳು ಮೋಹನ ರಾಗ ಎತ್ತಿಕೊಂಡರು. ಮೇಡಂ ಪೋಷಕರ ನಡುವೆ ಕೂತು ಕೇಳುತ್ತಿದ್ದರು. ಮಧ್ಯದಲ್ಲಿ ಒಂದು ಕೊಳಲು ತಪ್ಪಿತು. ನಾನು ಹೋಗಿ ಅದರ ಪಕ್ಕ ನಿಂತೆ. ತಿರುಗಿ ನೋಡುವಷ್ಟರಲ್ಲಿ ಅವರ ಕುರ್ಚಿ ಖಾಲಿಯಾಗಿತ್ತು. ಬಸ್ಸಿಗೆ ಹೊತ್ತಾಗಿತ್ತಂತೆ. ಮಕ್ಕಳಲ್ಲಿ ಒಬ್ಬರೂ ನುಡಿಸುವುದನ್ನು ನಿಲ್ಲಿಸಿರಲಿಲ್ಲ.