ಅವರಿಗೆ ಏನು ಸೇರುತ್ತಿತ್ತು?

ಸಮಾಧಿಯೊಂದರ ಹೂಗಿಡಗಳಿಗೆ ನೀರು ಹಾಕುತ್ತಿದ್ದ ಜರ್ಮನ್ ಅಜ್ಜಿ ಕೈಯಲ್ಲಿನ ಝಾರಿ ಕೆಳಗಿಟ್ಟು ನೇರ ನಮ್ಮತ್ತಲೇ ನಡೆದು ಬಂದರು. ಗದಗಿನಿಂದ ಬಂದಿದ್ದ ನಮ್ಮ ಅತ್ತೆ ಆಗಷ್ಟೇ ಸ್ಮಶಾನದ ಹುಲ್ಲಿನ ಮೇಲೆ ಚಪಾತಿ, ಶೇಂಗಾ ಚಟ್ನಿ ಎಡೆ ಇಟ್ಟಿದ್ದರು. ಬೈಸಿಕೊಳ್ಳುವುದು ಖಾತ್ರಿ ಎಂದುಕೊಂಡೆ.

ನಾವಿರುವ ಕಲೋನ್‌ನಿಂದ ಕಾರಿನಲ್ಲಿ ಐಫೆಲ್ ಬೆಟ್ಟಗಳಿಗೆ, ಆರಿದ ಜ್ವಾಲಾಮುಖಿಗಳ ಬಾಯಲ್ಲಿ ನೀರು ನಿಂತು ಆದ ಕೆರೆಗಳನ್ನು ನೋಡಲು ಹೊರಟಿದ್ದೆವು. ಬೆಳಿಗ್ಗೆ ಒಂದು ಕೆರೆಯಲ್ಲಿ ಮಕ್ಕಳೊಂದಿಗೆ ದೋಣಿ ನಡೆಸಿ, ಮಧ್ಯಾಹ್ನ ‘ಸತ್ತವರ ಕೆರೆ’ ಎಂದು ಕರೆಯುವ ಇನ್ನೊಂದರ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದೆವು. ಇಲ್ಲಿದ್ದ ಊರು ಪ್ಲೇಗಿನಲ್ಲಿ ಖಾಲಿಯಾಯಿತಂತೆ, ಈಗ ಚರ್ಚು ಮತ್ತು ಪಕ್ಕದ ಊರಿನವರು ಇಂದಿಗೂ ಬಳಸುವ ಸ್ಮಶಾನ ಮಾತ್ರ ಉಳಿದಿವೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಆ ಸತ್ತವರಿಗೆ ಎಡೆ ಇಡದೆ ಅತ್ತೆ ತುತ್ತು ಮುಟ್ಟಲಿಲ್ಲ.

ನಮ್ಮಲ್ಲಿ ಸತ್ತವರಿಗೆ ಮೊದಲು ಉಣ್ಣಲು ಇಡುತ್ತೇವೆ ಎಂದು ಅಜ್ಜಿಗೆ ವಿವರಿಸಿದೆ. ಅವರು ಬೈಯಲಿಲ್ಲ. ತಾವು ನೀರು ಹಾಕುತ್ತಿದ್ದ ಸಮಾಧಿಯತ್ತ ತಿರುಗಿ, “ಅಲ್ಲಿರುವುದು ನನ್ನ ಗಂಡ,” ಎಂದರು.

ಅದನ್ನು ಅತ್ತೆಗೆ ಹೇಳಿದೆ. “ಅವ್ರಿಗೆ ಏನ್ ಸೇರ್ತಿತ್ತಂತ ಕೇಳವಾ,” ಅಂದರು.

ಕೇಳಿದೆ.

“ಪ್ಲಮ್ ಹಣ್ಣಿನ ಕೇಕು. ಅವರು ಹೋದ ಮೇಲೆ ನಾನು ಮಾಡಿಯೇ ಇಲ್ಲ.”

ಅತ್ತೆ ಬುತ್ತಿಯಿಂದ ಶೇಂಗಾ ಹೋಳಿಗೆ ತೆಗೆದು ಅವರ ಅಂಗೈಯಲ್ಲಿಟ್ಟರು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಂಡನ ಬಳಿಗೆ ನಡೆದರು.

ಅತ್ತೆ ಊರಿಗೆ ಮರಳಿದ್ದಾರೆ. ಬೇಕರಿಗಳಲ್ಲಿ ಪ್ಲಮ್ ಕೇಕು ಕಾಣಿಸುವ ಕಾಲಕ್ಕೆ ನಾನು ಒಂದು ತುಂಡು ಹೆಚ್ಚಿಗೆ ತರುತ್ತೇನೆ. ಅಜ್ಜಿಯ ಗಂಡನಿಗೆ, ಹೆಸರೂ ಗೊತ್ತಿಲ್ಲದ ಅವರಿಗೆ, ಮೊದಲು ಇಟ್ಟು, ಆಮೇಲೆ ನಾವು ತಿನ್ನುತ್ತೇವೆ.