ನಿಪ್ಪಾಣಿಯ ರೋಮ್

ತಂಬಾಕಿನ ವ್ಯಾಪಾರಿ ದಾದಾಸಾಹೇಬರು ಯಂತ್ರ ನೋಡಲೆಂದು ಇಟಲಿಗೆ ಹೋದವರು, ರೋಮ್ ನೋಡಿ ಬಂದ ಮೇಲೆ ಬೇರೆ ಮನುಷ್ಯರೇ ಆದರು. ವರ್ಷಗಟ್ಟಲೆ ತರಿಸಿಕೊಂಡ ಪ್ಲಾಸ್ಟರ್ ಮೂರ್ತಿಗಳು, ಮಣ್ಣಿನ ದೀಪಗಳು, ನಾಣ್ಯಗಳನ್ನೆಲ್ಲ ನಿಪ್ಪಾಣಿಯಲ್ಲಿ ಮೊದಲು ತಂಬಾಕು ತುಂಬಿಡುತ್ತಿದ್ದ ತಮ್ಮ ಹಳೆಯ ವಖಾರಿಯಲ್ಲಿ ಜೋಡಿಸಿ, ೨೦೦೬ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ಅದನ್ನು ನೋಡಿಕೊಳ್ಳಲು ಇಟ್ಟುಕೊಂಡದ್ದು ಬೇಡಕಿಹಾಳದ ನೀಲಮಳನ್ನು.

ನೀಲಮಳಿಗೆ ಆಗ ಮೂವತ್ತೆರಡು. ಗಂಡ ಇಚಲಕರಂಜಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ತಾಯಿ ಸತ್ತೆವ್ವ ಹಿಂದಿನ ವರ್ಷ ತೀರಿಕೊಂಡಿದ್ದಳು. ಬೆಳಿಗ್ಗೆ ಬಸ್ಸಿಗೆ ಬಂದು, ಬೀಗ ತೆಗೆದು, ಮೂಗು ಮುರಿದ ಚಕ್ರವರ್ತಿಗಳ ಧೂಳು ಒರೆಸಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡರೆ ಸಂಜೆಯವರೆಗೆ ಮಾತಿಗೆ ಯಾರೂ ಇಲ್ಲ. ಮೊದಲ ತಿಂಗಳು ಶಾಲೆಯ ಮಕ್ಕಳು ಬಂದರು. ಆಮೇಲೆ ಮಳೆಗೆ ನಿಲ್ಲಲು ಬಂದವರೇ ಹೆಚ್ಚು; ಮಳೆ ನಿಂತೊಡನೆ ಅವರೂ ಹೊರಟುಬಿಡುತ್ತಿದ್ದರು.

ಪ್ರತಿ ಶನಿವಾರ ದಾದಾಸಾಹೇಬರು ಬಂದು ಸಂದರ್ಶಕರ ಪುಸ್ತಕ ತೆರೆಯುತ್ತಿದ್ದರು. ಹಾಳೆ ಖಾಲಿಯಿದ್ದರೆ ಹಾಗೇ ಮುಚ್ಚಿಡುತ್ತಿದ್ದರು. ಐದಾರು ವಾರ ಅದನ್ನೇ ನೋಡಿದ ನೀಲಮ, ಒಂದು ಶುಕ್ರವಾರ ಎಡಗೈಯಿಂದ ಬರೆದಳು: ಸತ್ತೆವ್ವ, ಏಕಸಂಬಿ. ಏಕಸಂಬಿ ತಾಯಿಯ ತವರು.

ಮರುದಿನ ದಾದಾಸಾಹೇಬರ ಮುಖ ಅರಳಿತು. ಆ ಹೆಣ್ಣುಮಗಳು ಏನೇನು ನೋಡಿದಳೆಂದು ಕೇಳಿದರು. ದೀಪಗಳ ಮುಂದೆ ಬಹಳ ಹೊತ್ತು ನಿಂತಿದ್ದಳು, ಇಷ್ಟು ಸಣ್ಣ ದೀಪಕ್ಕೆ ಎಷ್ಟು ಎಣ್ಣೆ ಹಿಡಿಯುತ್ತದೆ ಎಂದು ಕೇಳಿದಳು ಎಂದಳು ನೀಲಮ, ತಡವರಿಸುತ್ತ. ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ಅವ್ವ ಬಂದಿದ್ದರೆ ಅದನ್ನೇ ಕೇಳುತ್ತಿದ್ದಳು.

ಸತ್ತೆವ್ವ ತಿಂಗಳಿಗೊಮ್ಮೆ ಬರತೊಡಗಿದಳು. ಹೆಂಡತಿ ಸತ್ತಾಗ ರೋಮಿನ ಗಂಡನೊಬ್ಬ ನೆಡಿಸಿದ ಗೋರಿಕಲ್ಲಿನ ಪ್ಲಾಸ್ಟರ್ ಅಚ್ಚು ಅಲ್ಲಿತ್ತು. ಒಂದು ಸಲ ಅದರ ಚೀಟಿಯನ್ನು ಮಗಳಿಂದ ಓದಿಸಿಕೊಂಡಳು. ಯಾರೂ ಇಲ್ಲದ ಆ ವಖಾರಿಯಲ್ಲಿ ನೀಲಮಳಿಗೆ ತಾಯಿಯ ಜೊತೆ ಗಟ್ಟಿಯಾಗಿಯೇ ಮಾತಾಡುವುದು ರೂಢಿಯಾಯಿತು.

೨೦೧೧ರ ಒಂದು ಶನಿವಾರ ದಾದಾಸಾಹೇಬರು, "ಮುಂದಿನ ಸಲ ಸತ್ತೆವ್ವಗ ಕೂತಿರಾಕ ಹೇಳ. ನಾನೂ ಭೆಟ್ಟಿ ಆಗಬೇಕು" ಅಂದರು.

ನೀಲಮ ನೆಲ ನೋಡಿದಳು. "ಅಕಿ ನಮ್ಮವ್ವರಿ, ಸಾಹೇಬ್ರ. ತೀರಿಕೊಂಡು ಆರು ವರ್ಷ ಆತ್ರಿ."

ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು. ಅವರು ಹಿಂದಿನ ಹಾಳೆಗಳನ್ನು ತಿರುವಿ, ಆ ಹೆಸರು ಇದ್ದಲ್ಲೆಲ್ಲ ಬೆರಳಿಟ್ಟು ನೋಡಿದರು. ತಮ್ಮ ಹೆಂಡತಿ ಬದುಕಿದ್ದಾಗ ಒಂದು ದಿನವೂ ಇತ್ತ ಕಾಲಿಡಲಿಲ್ಲ ಎಂದು ಹೇಳಿದರು. ಹೊರಡುವಾಗ, "ಇದನ್ನೆಲ್ಲಾ ಮನಸಿಟ್ಟು ನೋಡಿದಾಕಿ ನಿಮ್ಮವ್ವ ಒಬ್ಬಾಕಿನ" ಅಂದರು.

ಆಮೇಲೆ ನೀಲಮ ಆ ಹೆಸರು ಬರೆಯಲಿಲ್ಲ. ಕೂತಲ್ಲಿ ಒಬ್ಬಳೇ ಮಾತಾಡುವುದೂ ನಿಂತುಹೋಯಿತು.

೨೦೧೪ರಲ್ಲಿ ದಾದಾಸಾಹೇಬರು ತೀರಿಕೊಂಡರು. ಮಕ್ಕಳು ವಖಾರಿಯನ್ನು ಟೈಲ್ಸ್ ಅಂಗಡಿಗೆ ಕೊಟ್ಟರು. ಮೂರ್ತಿಗಳನ್ನು ಹುಲ್ಲಿನಲ್ಲಿ ಸುತ್ತಿ ಟೆಂಪೋಗೆ ಏರಿಸಿದವಳು ನೀಲಮಳೇ. ಅವು ಎಲ್ಲಿಗೆ ಹೋದವೆಂದು ಅವಳಿಗೆ ಯಾರೂ ಹೇಳಲಿಲ್ಲ.

ಈಗ ಉಗಾರ ಖುರ್ದದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ಇಡೀ ದಿನ ಸುತ್ತ ಜನವೇ ಜನ. ಮೊದಲೇನು ಮಾಡುತ್ತಿದ್ದೆ ಎಂದು ಜೊತೆಯ ಹೆಂಗಸರು ಕೇಳಿದರೆ, ನಿಪ್ಪಾಣಿಯಲ್ಲಿ ಬಾಗಿಲು ಕಾಯುತ್ತಿದ್ದೆ ಎನ್ನುತ್ತಾಳೆ. ಯಾವ ಬಾಗಿಲು ಎಂದು ಇದುವರೆಗೆ ಯಾರೂ ಕೇಳಿಲ್ಲ.